ಇಪ್ಪತ್ತು ವರ್ಷ ತುಂಬದ ಗುಂಡಿ

ಬಂಗಾರಪೇಟೆ ಸುತ್ತಮುತ್ತ ಹೊಸ ಲೇಔಟುಗಳಲ್ಲಿ ಮನೆ ಕಟ್ಟಿಸುತ್ತಿರುವವರನ್ನು ಕೇಳಿ ನೋಡಿ. ಟೈಲ್ಸ್ ಯಾವ ಕಂಪನಿಯದು, ಕಂಬಿ ಯಾವ ಬ್ರ್ಯಾಂಡು, ಮಾಡ್ಯುಲರ್ ಕಿಚನ್‌ಗೆ ಎಷ್ಟಾಯ್ತು, ಎಲ್ಲ ಬಾಯಲ್ಲೇ ಇರುತ್ತೆ. ಕಕ್ಕಸ್ಸಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಮಾತ್ರ "ಅದೆಲ್ಲ ಮೇಸ್ತ್ರಿ ನೋಡ್ಕೋತಾರೆ" ಅನ್ನುವ ಉತ್ತರ. ಮೇಸ್ತ್ರಿ ಏನು ನೋಡ್ಕೋತಾರೆ? ಜೆಸಿಬಿ ಕರೆಸಿ ಹದಿನೈದು ಅಡಿ ತೋಡಿಸಿ, ಸಿಮೆಂಟ್ ರಿಂಗ್ ಇಳಿಸಿ, ತಳ ಹಾಗೇ ಬಿಟ್ಟು, ಮೇಲೆ ಚಪ್ಪಡಿ ಮುಚ್ಚಿಸುತ್ತಾರೆ. "ಸಾರ್, ಇನ್ನು ಇಪ್ಪತ್ತು ವರ್ಷ ತುಂಬಲ್ಲ" ಅಂತ ಗ್ಯಾರಂಟಿಯನ್ನೂ ಕೊಡುತ್ತಾರೆ.

ನನ್ನ ತಕರಾರು ಆ ಗ್ಯಾರಂಟಿಯ ಮೇಲೇ. ಐದು ಜನ ದಿನಾ ನೀರು ಸುರಿಯುವ ಗುಂಡಿ ಇಪ್ಪತ್ತು ವರ್ಷ ತುಂಬಲ್ಲ ಅಂದರೆ ಆ ನೀರು ಎಲ್ಲೋ ಹೋಗುತ್ತಿದೆ ಅಂತ ತಾನೇ ಅರ್ಥ? ಕೋಲಾರ ಜಿಲ್ಲೆಯದು ಗಟ್ಟಿ ಕಲ್ಲಿನ ನೆಲ. ಮೇಲಿನ ಮಣ್ಣು ದಾಟಿದರೆ ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಮಣ್ಣು ಸೋಸುತ್ತೆ, ಬಿರುಕು ಸೋಸಲ್ಲ. ನಾವು ಬೋರ್ ಕೊರೆಸಿ ನೀರೆತ್ತುವುದೂ ಬಿರುಕುಗಳಿಂದಲೇ. ತಳವಿಲ್ಲದ ಈ ಗುಂಡಿಗೆ 'ಸೆಪ್ಟಿಕ್ ಟ್ಯಾಂಕ್' ಅನ್ನುವುದು, ಎರರ್ ಲಾಗ್ ಆಫ್ ಮಾಡಿ 'ಬಗ್ ಇಲ್ಲ' ಅಂದ ಹಾಗೆ.

ಲೆಕ್ಕ ಮಾಡೋಣ. ಸೆಪ್ಟಿಕ್ ಟ್ಯಾಂಕಿಗೆ ಭಾರತೀಯ ಮಾನಕವೇ ಇದೆ, ಐಎಸ್ 2470. ಟ್ಯಾಂಕು ಸೋರಬಾರದು, ಅದರಿಂದ ಹೊರಬರುವ ನೀರು ಇಂಗುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ದೂರ ಇರಬೇಕು. ಅಂದರೆ ಸುಮಾರು 59 ಅಡಿ. ನಮ್ಮ 30×40 ಸೈಟಿನ ಒಂದು ಮೂಲೆಯಿಂದ ಎದುರು ಮೂಲೆಗೆ ಪೈಥಾಗರಸ್ ಪ್ರಕಾರ 50 ಅಡಿ! ಒಂದೇ ಸೈಟಿನಲ್ಲಿ ಬೋರ್‌ವೆಲ್ಲೂ ಇಂಗುಗುಂಡಿಯೂ ಇರುವುದು ಗಣಿತದಲ್ಲೇ ಸಾಧ್ಯವಿಲ್ಲ. ನಾವು ಮಾತ್ರ ವಾಸ್ತುವಿನವರನ್ನು ಕರೆಸಿ ಗುಂಡಿ ವಾಯವ್ಯದಲ್ಲಿದೆಯಾ ಅಂತ ನೋಡುತ್ತೇವೆ. ಕಾಂಪೌಂಡಿನ ಆಚೆ ಪಕ್ಕದ ಮನೆಯವರ ಬೋರು ಎಲ್ಲಿದೆ ಅಂತ ನೋಡಲ್ಲ. ನಾನು ಬೆಳೆದ ಹಳ್ಳಿಯಲ್ಲಿ ಓದು ಬಾರದವರೂ ಬಾವಿ ಪಕ್ಕ ತಿಪ್ಪೆ ಹಾಕುತ್ತಿರಲಿಲ್ಲ.

ಇನ್ನೊಂದು ಕಡೆ ನಾವು ಭಾರೀ ಪರಿಸರವಾದಿಗಳು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳೆನೀರು ಎರಡು ಹಂತದ ಶುದ್ಧೀಕರಣ ಆಗಿ ನಮ್ಮ ಕೆರೆಗಳಿಗೆ ಬರುತ್ತಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿದಾಗ ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ರೈತರು ಕೇಳುವುದು ನೂರಕ್ಕೆ ನೂರು ಸರಿ, ನಾನೂ ಅವರ ಜೊತೆಗಿದ್ದೇನೆ. ಆದರೆ ಆ ಪೋಸ್ಟನ್ನು ಶೇರ್ ಮಾಡುವ ನಮ್ಮ ಮನೆಗಳಲ್ಲಿ ಎಷ್ಟು ಹಂತ ಇದೆ ಸ್ವಾಮಿ? ಸೊನ್ನೆ.

ನೀರಿನ ಮಾತು ಹಾಗಿರಲಿ. ಗುಂಡಿ ಒಂದು ದಿನ ಕಟ್ಟಿಕೊಂಡೇ ಕೊಳ್ಳುತ್ತೆ. ಆಗ ಒಳಗೆ ಇಳಿಯುವವರು ಯಾರು? ಈ ಪ್ರಶ್ನೆಯನ್ನು ಕೆಜಿಎಫ್ ಹತ್ತಿರ ನಿಂತು ಮರೆಯುವ ಹಾಗಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಗಣಿಗೆ ಕರೆಂಟು ತಂದ ಊರು ಅದು. ಭೂಮಿಯೊಳಗೆ ಮೈಲಿಗಟ್ಟಲೆ ಇಳಿಯುವ ಎಂಜಿನಿಯರಿಂಗ್ ಇತ್ತು. ಕಾರ್ಮಿಕರ ಲೈನುಗಳಲ್ಲಿ ಮಾತ್ರ ಒಣ ಕಕ್ಕಸುಗಳು, ಅವನ್ನು ಕೈಯಲ್ಲಿ ಬಳಿಯುವ ಮನುಷ್ಯರು. ಅಂಥ ಮನೆಯಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಾವು ಚಪ್ಪಾಳೆ ತಟ್ಟಿದೆವು, ಮನೆಗೆ ಬಂದು ಮತ್ತದೇ ಗುಂಡಿ ತೋಡಿಸಿದೆವು. ರಕ್ಷಣಾ ಸಾಧನವಿಲ್ಲದೆ ಗುಂಡಿಗೆ ಆಳನ್ನು ಇಳಿಸಿದರೆ 2013ರ ಕಾಯ್ದೆ ಪ್ರಕಾರ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಂಥ ಸಾವಿಗೆ ಪರಿಹಾರ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂತು. ಹತ್ತು ವರ್ಷದ ಕಾಯ್ದೆ ಇದ್ದೂ ಸಾವು ನಿಂತಿಲ್ಲ ಅಂತ ಅದರ ಅರ್ಥ.

ಹಾಗಾದರೆ ಏನು ಮಾಡಬೇಕು? ದುಡ್ಡಿದ್ದವರು ಆನ್‌ಲೈನಿನಲ್ಲಿ ಪುಟ್ಟ ಎಸ್‌ಟಿಪಿ ಹುಡುಕುತ್ತಾರೆ. ಅದಕ್ಕೆ ದಿನವಿಡೀ ಗಾಳಿ ಊದುವ ಮೋಟಾರು ಬೇಕು, ನೋಡಿಕೊಳ್ಳುವವರು ಬೇಕು. ಎರಡೂ ಇಲ್ಲದಿದ್ದರೆ ಅದು ದುಬಾರಿ ಗುಂಡಿ ಅಷ್ಟೇ. ಒಂಟಿ ಮನೆಗೆ ಸರಳವಾದದ್ದೇ ಸಾಕು: ತಳಕ್ಕೂ ಗೋಡೆಗೂ ಕಾಂಕ್ರೀಟ್ ಇರುವ, ಎರಡು ಕೋಣೆಯ, ಸೋರದ ಟ್ಯಾಂಕು. ಗಾಳಿ ಹೋಗಲು ಪೈಪು. ಸಕ್ಷನ್ ಲಾರಿಯ ಪೈಪು ರಸ್ತೆಯಿಂದಲೇ ತಲುಪುವ ಮುಚ್ಚಳ. ಅದನ್ನು ಕಾರ್ ಪಾರ್ಕಿಂಗ್ ಟೈಲ್ಸ್ ಕೆಳಗೆ ಹೂತುಬಿಡಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ, ತುಂಬಲಿ ಅಂತ ಕಾಯಬೇಡಿ. ಮನೆಯ ಕೊಳೆನೀರಿನಲ್ಲಿ ಬಹುಪಾಲು ಸ್ನಾನ, ಬಟ್ಟೆ, ಪಾತ್ರೆಯದು. ಅದನ್ನು ಬೇರೆ ಪೈಪಿನಲ್ಲಿ ತಂದು ಬಾಳೆಗೋ ಕಾಬಾಳೆಗೋ ಬಿಡಿ.

ಇಷ್ಟಾದರೂ ಟ್ಯಾಂಕಿನಿಂದ ಹೊರಬರುವ ನೀರಿಗೆ 30×40ರಲ್ಲಿ ಜಾಗ ಇಲ್ಲ ಅನ್ನುವ ಲೆಕ್ಕ ಬದಲಾಗಲ್ಲ. ಅದು ಲೇಔಟ್ ಮಾಡಿದವರ ಜವಾಬ್ದಾರಿ. ಆರ್ಚು, ಪಾರ್ಕು, ಬೀದಿದೀಪ ತೋರಿಸಿ ಸೈಟು ಮಾರುತ್ತಾರಲ್ಲ, ಅಡ್ವಾನ್ಸ್ ಕೊಡುವ ಮುಂಚೆ ಕೇಳಿ: ಚರಂಡಿ ಎಲ್ಲಿಗೆ ಸೇರುತ್ತೆ? ಶುದ್ಧೀಕರಣಕ್ಕೆ ಜಾಗ ಬಿಟ್ಟಿದ್ದೀರಾ? ಪುರಸಭೆಯವರನ್ನೂ ಕೇಳಿ: ಸಕ್ಷನ್ ಲಾರಿ ಎಲ್ಲಿ ಸುರಿಯುತ್ತೆ, ಯಾವ ಕೆರೆಯಂಗಳದಲ್ಲಿ? ದೇವನಹಳ್ಳಿಯಂಥ ಊರು 2015ರಲ್ಲೇ ಲಾರಿ ತರುವ ಕೆಸರನ್ನು ಸಂಸ್ಕರಿಸುವ ಘಟಕ ಮಾಡಿಕೊಂಡಿತು.

ಮೂವತ್ತು ವರ್ಷದ ಲೋನ್ ಮಾಡಿ ಮನೆ ಕಟ್ಟಿಸುವ ನಾವು ಈ ಎರಡು ಪ್ರಶ್ನೆ ಕೇಳೋಕೆ ಯಾಕೆ ನಾಚಬೇಕು? ಮೇಸ್ತ್ರಿಗೆ ಒಂದೇ ಮಾತು ಹೇಳಿ: "ತುಂಬುವ ಟ್ಯಾಂಕೇ ಕಟ್ಟಿ, ಖಾಲಿ ಮಾಡಿಸೋದು ನನ್ನ ಕೆಲಸ."