ಕೋಲು ಬದಿಗಿಡೋಣ, ನಾಯಿಯ ಭಾಷೆ ಕಲಿಯೋಣ

2023ರ ಫೆಬ್ರವರಿಯಲ್ಲಿ ನಮ್ಮ ನಗರದ ಅಂಬರ್‌ಪೇಟ್‌ನಲ್ಲಿ ನಾಲ್ಕು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದ. ಅವನ ತಂದೆ ದುಡಿಮೆಗಾಗಿ ನಗರಕ್ಕೆ ಬಂದು ಕಾವಲುಗಾರರಾಗಿದ್ದವರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಆ ದುಃಖ ಬೇರೆಯವರದಲ್ಲ. ಕುಷಾಯಿಗೂಡದಲ್ಲೂ ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವ ಮಕ್ಕಳಿಗಾಗಿ ತಾಯಂದಿರು ಗೇಟಿನ ಬಳಿ ಕಾಯುತ್ತಾರೆ.

ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಹಾಕಿಸುವುದು ಪಾಲಿಕೆಯ ಹೊಣೆ. ಹುಚ್ಚು ಹಿಡಿದ ಮತ್ತು ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಚಿಕಿತ್ಸೆಯ ನಂತರ ಹಿಡಿದ ಜಾಗದಲ್ಲೇ ಬಿಡಬೇಕೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆರವು ಮಾಡಲು ಅದೇ ವರ್ಷದ ನವೆಂಬರ್‌ನಲ್ಲಿ ಆದೇಶಿಸಿತು. ಪಾಲಿಕೆಯನ್ನು ಒತ್ತಾಯಿಸುವುದು ನಮ್ಮ ಹಕ್ಕು. ಅಲ್ಲಿಯವರೆಗೆ ಮಕ್ಕಳಿಗೆ ತಿಳಿವಳಿಕೆ ಕೊಡುವುದು ನಮ್ಮ ಕರ್ತವ್ಯ.

ನಾಯಿ ಸಾಮಾನ್ಯವಾಗಿ ಎಚ್ಚರಿಕೆ ಕೊಡದೆ ಕಚ್ಚುವುದಿಲ್ಲ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಬಾಲ ಮುದುಡುವುದು ಭಯದ ಲಕ್ಷಣಗಳು. ಮೈ ಸೆಟೆದು ದಿಟ್ಟಿಸಿ ನೋಡಿದರೆ, ಗುರುಗುಟ್ಟಿದರೆ 'ದೂರ ಇರು' ಎಂದರ್ಥ. ಬಾಲ ಅಲ್ಲಾಡಿಸುವ ನಾಯಿಯೆಲ್ಲ ಸ್ನೇಹಿತನಲ್ಲ. ನಾಯಿ ಹತ್ತಿರ ಬಂದರೆ ಮಗು ಓಡಬಾರದು, ಕಿರುಚಬಾರದು. ಕೈ ಕಟ್ಟಿ, ನೆಲ ನೋಡುತ್ತ, ಮರದಂತೆ ನಿಲ್ಲಬೇಕು. ಬಿದ್ದರೆ ಮುದುಡಿಕೊಂಡು ಕಿವಿ, ಕುತ್ತಿಗೆ ಮುಚ್ಚಿಕೊಳ್ಳಬೇಕು. ಊಟ ಮಾಡುವ ನಾಯಿಯ, ಮರಿ ಹಾಕಿದ ತಾಯಿನಾಯಿಯ ಹತ್ತಿರ ಹೋಗಲೇಬಾರದು.

ಮನೆಯಲ್ಲಿ ನಾಯಿ ಸಾಕಿದವರಿಗೂ ಒಂದು ಮಾತು. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದರ ಭಯ ಹೋಗುವುದಿಲ್ಲ, ಎಚ್ಚರಿಕೆ ಕೊಡುವ ಅಭ್ಯಾಸ ಮಾತ್ರ ಹೋಗುತ್ತದೆ. ಮುಂದಿನ ಸಲ ನೇರವಾಗಿ ಕಚ್ಚಬಹುದು. ಮಡಚಿದ ಪೇಪರಿನಿಂದ ಬಡಿಯುವುದೂ ಬೇಡ, ನಮ್ಮ ಪತ್ರಿಕೆ ಓದಲಷ್ಟೇ ಇರಲಿ! ರೊಟ್ಟಿಯ ಚೂರನ್ನು ಮೂಗಿನ ಮುಂದೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ದರೆ ನಾಯಿ ತಾನಾಗಿ ಕೂರುತ್ತದೆ. ಕೂತ ಕ್ಷಣದಲ್ಲೇ 'ಶಾಬಾಶ್' ಎಂದು ಚೂರು ಕೊಡಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂದು ಅದಕ್ಕೆ ತಿಳಿಯದು. ಮೈಮೇಲೆ ಹಾರಿದರೆ ಬೈಯದೆ ಬೆನ್ನು ತಿರುಗಿಸಿ, ನಾಲ್ಕೂ ಕಾಲು ನೆಲಕ್ಕೆ ಬಂದಾಗ ಮುದ್ದಿಸಿ.

ನಾಡಿನ ಹೆಮ್ಮೆಯೆಂದು ಮುಧೋಳ ನಾಯಿ ತರುವವರು ಅದು ಬೇಟೆಗಾಗಿ ಓಡುವ ತಳಿಯೆಂಬುದನ್ನು ಮರೆಯಬಾರದು. ಫ್ಲಾಟಿನ ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಅದು ಹೆಮ್ಮೆಯಲ್ಲ, ಹಿಂಸೆ.

ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುತ್ತ ಕೂರಬೇಡಿ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ.

ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಸಂಘಗಳು ಒಂದು ಭಾನುವಾರ ಪಶುವೈದ್ಯರನ್ನು ಕರೆಸಿ ಮಕ್ಕಳಿಗೆ ಈ ಪಾಠ ಹೇಳಿಸಲಿ. ಖರ್ಚು ಒಂದು ಹಾರ, ಒಂದು ಶಾಲು. ಉಳಿಯುವುದು ಒಂದು ಜೀವ ಇದ್ದೀತು.