ಕೋಟೆಯ ರಾತ್ರಿ

ಬಹಳ ವರ್ಷಗಳ ಹಿಂದೆ ಎಂಟನೆಯ ತರಗತಿಯ ಬಾಲಕನೊಬ್ಬ ‘ಫೋರ್ಟ್‌ನೈಟ್’ ಎಂಬ ಇಂಗ್ಲಿಷ್ ಪದಕ್ಕೆ ‘ಕೋಟೆಯ ರಾತ್ರಿ’ ಎಂದು ಅರ್ಥ ಬರೆದಿದ್ದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕು ಸೊನ್ನೆ ಹಾಕಿದೆ. ‘ಹದಿನೈದು ದಿನ ಎಂದು ಬಾಯಿಪಾಠ ಮಾಡು’ ಎಂದೆ. ಈಗ ಯೋಚಿಸಿದರೆ ತಪ್ಪು ನನ್ನದೇ.

ಹಳೆಯ ಇಂಗ್ಲಿಷಿನಲ್ಲಿ ‘ಹದಿನಾಲ್ಕು ರಾತ್ರಿ’ ಎಂದಿದ್ದದ್ದು ಸವೆದು ಈ ಪದವಾಯಿತು. ಜರ್ಮಾನಿಕ್ ಜನಾಂಗಗಳು ಹಗಲನ್ನಲ್ಲ, ಇರುಳನ್ನು ಎಣಿಸುತ್ತಿದ್ದವೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರಲ್ಲಿ ಬರೆದಿದ್ದಾನೆ. ಇಂಗ್ಲಿಷ್ ಹುಟ್ಟಿದ್ದು ಅಂಥ ಜನರ ನುಡಿಯಿಂದಲೇ. ವಾರಕ್ಕೆ ‘ಸೆನ್ನೈಟ್’, ಅಂದರೆ ಏಳು ರಾತ್ರಿ, ಎಂಬ ಪದವೂ ಇತ್ತು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರಿಜುಡಿಸ್’ ಕಾದಂಬರಿಯಲ್ಲಿ ಅದು ಸಿಗುತ್ತದೆ. ಇಂದು ಅದು ಬಳಕೆಯಿಂದ ಮರೆಯಾಗಿದೆ. ಅಮೆರಿಕನ್ನರಿಗೆ ಫೋರ್ಟ್‌ನೈಟ್ ಕೂಡ ಅಪರೂಪ; ನಮ್ಮ ಕಚೇರಿಯ ಪತ್ರಗಳಲ್ಲಿ ಇನ್ನೂ ಉಳಿದಿದೆ.

ಚಂದ್ರನನ್ನು ನೋಡಿ ಪಕ್ಷವನ್ನು ಎಣಿಸುವ ಮನೆಗಳಿಂದ ಬಂದ ಮಕ್ಕಳಿಗೆ ಇದನ್ನು ತಿಳಿಸುವುದು ಕಷ್ಟವಾಗಿತ್ತೇ? ಪದದ ಮೂಲವನ್ನು ತೋರಿಸದೆ ಅರ್ಥವನ್ನಷ್ಟೇ ಉರುಹಚ್ಚಿಸುವುದು ಬೋಧನೆಯಲ್ಲ. ಆ ಬಾಲಕ ರಾತ್ರಿಯನ್ನಂತೂ ಸರಿಯಾಗಿಯೇ ಗುರುತಿಸಿದ್ದ. ಅವನಿಗೆ ಅರ್ಧ ಅಂಕ ಸಲ್ಲಬೇಕಿತ್ತು. ಇದನ್ನು ಓದುತ್ತಿದ್ದರೆ, ಮಗೂ, ಈಗಲಾದರೂ ಅದನ್ನು ಸೇರಿಸಿಕೋ.