ವಂಶವೃಕ್ಷದಲ್ಲಿ ಅವಳ ಹೆಸರು

ಆಲೂರು ಕಡೆಯ ಒಂದು ಊರಿನಲ್ಲಿ ಮಹಿಳಾ ಸಂಘದವರ ಜತೆ ಕೂತು ‘ಫಣಿಯಮ್ಮ’ ನೋಡಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿ ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದ ಚಿತ್ರ. ಗಂಡ ಅಂದರೆ ಏನೆಂದು ತಿಳಿಯುವ ಮೊದಲೇ ಅವನನ್ನು ಕಳೆದುಕೊಂಡ ಹುಡುಗಿ ತಲೆ ಬೋಳಿಸಿಕೊಂಡು, ಮುಪ್ಪಾಗುವವರೆಗೆ ಮನೆಮಂದಿಯ ಚಾಕರಿ ಮಾಡುವುದನ್ನು ಕಂಡು ಸೆರಗಿನಿಂದ ಕಣ್ಣೊರೆಸಿಕೊಂಡವರಿದ್ದರು. ಎಳೆಯ ವಿಧವೆ ದಾಕ್ಷಾಯಣಿ ತಲೆ ಕೊಡುವುದಿಲ್ಲವೆಂದು ಹಟ ಹಿಡಿದಾಗ ಹಿಂದಿನಿಂದ ಯಾರೋ ಭೇಷ್ ಎಂದರು. ಚಿತ್ರ ಮುಗಿದು ಕಾಫಿ ಕುಡಿಯುವಾಗ ಹಿರಿಯರೊಬ್ಬರು, ಇದು ಬ್ರಾಹ್ಮಣರ ಮನೆ ಕಥೆ, ನಮ್ಮೋರಲ್ಲಿ ಇಂಥಾದ್ದಿಲ್ಲ ಕಣಮ್ಮ ಅಂದರು. ಎಲ್ಲರೂ ಹೌದೆಂದರು. ಅಲ್ಲಿದ್ದವರಲ್ಲಿ ಮೂವರು ಗಂಡ ಸತ್ತವರು. ಅವರೂ ಹೌದೆಂದರು.

ಆ ಮಾತು ಸುಳ್ಳೇನಲ್ಲ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಗದ್ದೆ, ಏಲಕ್ಕಿ, ಕಾಫಿ ನಂಬಿ ಬದುಕಿದ ಜನ ಹೆಣ್ಣಿನ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸಲಿಲ್ಲ. ಕೂರಿಸಿದರೆ ನಾಟಿ ಮಾಡುವವರು ಯಾರು? ಹಳೇ ಮೈಸೂರು ಸೀಮೆಯ ಅನೇಕ ಜಾತಿಗಳಲ್ಲಿ ಗಂಡ ಸತ್ತವಳಿಗೆ ಕೂಡಿಕೆಯ ಅವಕಾಶವೂ ಇತ್ತು. ಆದರೆ ಅದನ್ನು ಯಾರೂ ಮದುವೆ ಎನ್ನುತ್ತಿರಲಿಲ್ಲ. ವಾಲಗ, ಚಪ್ಪರ ಇಲ್ಲದೆ, ಕತ್ತಲಾದ ಮೇಲೆ ಸೀರೆ ಕೊಟ್ಟು ಮುಗಿಸುವ ಕಾರ್ಯ. ಕೂಡಿಕೆಯಾದವಳು ಶುಭಕಾರ್ಯದಲ್ಲಿ ಮುಂದೆ ನಿಲ್ಲುವಂತಿರಲಿಲ್ಲ. ಅವಳ ಮಕ್ಕಳನ್ನೂ ಬೇರೆ ಸಾಲಿನವರೆಂದು ಎಣಿಸುತ್ತಿದ್ದರು. ಕಾಫಿಗೆ ಬೆಲೆ ಬಂದು ಅಂಗಳದಲ್ಲಿ ಕಾರು ನಿಂತ ಮೇಲೆ ನಮ್ಮ ಮನೆಗಳಿಗೆ ಆ ಕೂಡಿಕೆಯೂ ಕೀಳೆನಿಸಿತು. ಬಳೆ ಒಡೆಯುವುದು, ಕುಂಕುಮ ಅಳಿಸುವುದು ಮಾತ್ರ ಕೀಳೆನಿಸಲಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ 1977ರ ಸಾಲಿನ ಸ್ವರ್ಣಕಮಲ ಬಂತು. ಬಸುರಾದ ವಿಧವೆ ಯಮುನೆಗೆ ಹೆತ್ತ ತಂದೆಯೇ, ಅವಳು ಬದುಕಿರುವಾಗಲೇ, ಶ್ರಾದ್ಧ ಮಾಡುತ್ತಾನೆ. ದೀಪಾ ಮೆಹ್ತಾ ಅವರ ‘ವಾಟರ್’ ಚಿತ್ರೀಕರಣವನ್ನು 2000ದಲ್ಲಿ ಕಾಶಿಯಲ್ಲಿ ಗಲಭೆ ಮಾಡಿ ನಿಲ್ಲಿಸಿದರು. ಕೊನೆಗೆ ಶ್ರೀಲಂಕಾದಲ್ಲಿ ಮುಗಿಸಿದ ಚಿತ್ರ 2005ರಲ್ಲಿ ಹೊರಬಂತು. ಇವು ಮಾಡಿದ ಕೆಲಸ ಸಣ್ಣದಲ್ಲ. ಆದರೆ ಬೋಳುತಲೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮುಡಿ ಇರುವ, ಬಣ್ಣದ ಸೀರೆ ಉಟ್ಟು ತೋಟಕ್ಕೆ ಹೋಗಿಬರುವ ವಿಧವೆಯ ಮೇಲಿನ ಹಿಂಸೆ ಕಣ್ಣಿಗೆ ಬೀಳುವುದಿಲ್ಲ. ಅದು ಕಾಗದದ ಮೇಲೆ ನಡೆಯುತ್ತದೆ. ಕಾಡಾನೆ ತುಳಿದು ಸತ್ತವನ ಹೆಂಡತಿ ಅಳುವುದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಪರಿಹಾರದ ಹಣ ಬಂದ ಮೇಲೆ ಪಾಸ್‌ಬುಕ್ ಯಾರ ಪೆಟ್ಟಿಗೆಯಲ್ಲಿದೆ ಎಂದು ಯಾರು ನೋಡಿದ್ದಾರೆ?

ಅದಕ್ಕೇ ನನಗೆ ಇವೆಲ್ಲಕ್ಕಿಂತ ‘ವಂಶವೃಕ್ಷ’ ಹತ್ತಿರದ ಚಿತ್ರ. ನಮ್ಮ ಹಾಸನ ಜಿಲ್ಲೆಯವರೇ ಆದ ಎಸ್.ಎಲ್. ಭೈರಪ್ಪನವರ ಕಾದಂಬರಿ; ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ನಿರ್ದೇಶನ. ಅದರ ಕಾತ್ಯಾಯನಿಯ ತಲೆಯನ್ನು ಯಾರೂ ಬೋಳಿಸುವುದಿಲ್ಲ. ಮಾವ ಶ್ರೋತ್ರಿಯರು ದುಷ್ಟರಲ್ಲ, ಅವಳು ಕಾಲೇಜಿಗೂ ಹೋಗುತ್ತಾಳೆ. ಆದರೆ ಮರುಮದುವೆಯಾದಾಗ ಮಗನನ್ನು ಬಿಟ್ಟೇ ಹೋಗಬೇಕಾಗುತ್ತದೆ, ಏಕೆಂದರೆ ಮಗು ವಂಶದ್ದು. ಆಮೇಲೆ ಅವಳ ಗರ್ಭಗಳು ನಿಲ್ಲುವುದಿಲ್ಲ, ಅವಳೂ ಉಳಿಯುವುದಿಲ್ಲ. ಮರುಮದುವೆಯಾದ ಹೆಣ್ಣಿಗೆ ಕಥೆ ಇಷ್ಟು ದಂಡ ಹಾಕಬೇಕಿತ್ತೇ ಎಂಬ ನನ್ನ ತಕರಾರು ಇವತ್ತಿಗೂ ಹಾಗೇ ಇದೆ.

ವಂಶವೃಕ್ಷ ಎಂಬ ಮಾತನ್ನು ನಮ್ಮ ಹಳ್ಳಿಯ ಹೆಂಗಸರು ಕೇಳುವುದು ಸಿನಿಮಾದಲ್ಲಲ್ಲ, ನಾಡಕಚೇರಿಯಲ್ಲಿ. ಸತ್ತವನ ಜಮೀನು ವಾರಸುದಾರರ ಹೆಸರಿಗೆ ಬರಬೇಕಾದರೆ ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪತ್ರದ ಜತೆ ವಂಶವೃಕ್ಷ ಕೊಡಬೇಕು. ಆ ಮರ ಬರೆಸುವವರು ಸಾಮಾನ್ಯವಾಗಿ ಮಾವ, ಇಲ್ಲವೆ ಮೈದುನ. ಗಂಡುಕೊಂಬೆಗಳೆಲ್ಲ ಸರಿಯಾಗಿ ಬರುತ್ತವೆ. ಸೊಸೆಯ ಹೆಸರು ಬಿಟ್ಟುಹೋಗುತ್ತದೆ. ಬಿಡಲಾಗದಿದ್ದರೆ, ತಿಥಿ ಮುಗಿಯುವ ಮೊದಲೇ ಹಕ್ಕು ಬಿಡುಗಡೆ ಪತ್ರಕ್ಕೆ ಅವಳ ಹೆಬ್ಬೆಟ್ಟು ಬೀಳುತ್ತದೆ. ಮಕ್ಕಳ ಭವಿಷ್ಯಕ್ಕೆ, ಎಂದು ಹೇಳಿಯೇ ಒತ್ತಿಸುತ್ತಾರೆ.

ಕಾನೂನು ಇಲ್ಲದೆ ಹೀಗಾಗುತ್ತಿಲ್ಲ. ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕುಗಳಿಗೆ 1933ರಲ್ಲೇ ಕಾಯ್ದೆ ಮಾಡಿತ್ತು, ಬ್ರಿಟಿಷ್ ಇಂಡಿಯಾಕ್ಕಿಂತ ನಾಲ್ಕು ವರ್ಷ ಮೊದಲು. 1956ರ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಗಂಡನ ಆಸ್ತಿಯಲ್ಲಿ ಹೆಂಡತಿ ಮಕ್ಕಳಷ್ಟೇ ಸಮಪಾಲಿನ ಮೊದಲ ದರ್ಜೆ ವಾರಸುದಾರಳು, ಆ ಪಾಲಿಗೆ ಅವಳೇ ಪೂರ್ಣ ಒಡತಿ. ಗಂಡ ಸತ್ತವಳಿಗೂ ಕೂಡುಮನೆಯಲ್ಲಿ ವಾಸದ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ, ಕೌಟುಂಬಿಕ ಹಿಂಸೆಯ ಕಾಯ್ದೆಯಡಿ, ಸ್ಪಷ್ಟವಾಗಿ ಹೇಳಿದೆ. ಇನ್ನು ವರದಕ್ಷಿಣೆ. 1961ರ ಕಾಯ್ದೆಯ ಆರನೇ ಕಲಮು, ಅದನ್ನು ಯಾರೇ ಪಡೆದಿರಲಿ, ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕು ಎನ್ನುತ್ತದೆ. ತೆಗೆದುಕೊಳ್ಳುವುದೇ ತಪ್ಪು; ತೆಗೆದುಕೊಂಡದ್ದು ಅವಳದು. ಗಂಡ ಸತ್ತ ಮನೆಯಲ್ಲಿ ಈ ಲೆಕ್ಕ ಕೇಳಿದವರನ್ನು ನಾನು ಕಂಡದ್ದು ಒಮ್ಮೆ ಮಾತ್ರ.

ಕೇಳಿದವಳು ಆ ದಿನ ಚಿತ್ರ ನೋಡಿದ ಮೂವರಲ್ಲಿ ಒಬ್ಬಳು. ಮದುವೆಗೆ ಅಪ್ಪ ಶುಂಠಿ ಬೆಳೆಯ ದುಡ್ಡಿನಲ್ಲಿ ಒಡವೆ, ಬೈಕು ಕೊಟ್ಟಿದ್ದ. ಗಂಡ ಕಾಯಿಲೆಯಿಂದ ತೀರಿಕೊಂಡ. ಒಡವೆ ಕೇಳಿದರೆ ತೋಟದ ಸಾಲಕ್ಕೆ ಅಡವಿದೆ ಅಂದರು. ತೋಟ ಕೇಳಿದರೆ ಅದು ಮಾವನ ಹೆಸರಲ್ಲಿದೆ, ನಿನ್ನ ಗಂಡನದೇನಿದೆ ಅಂದರು. ತೋಟ ಪಿತ್ರಾರ್ಜಿತ, ಗಂಡನ ಪಾಲು ಅದರಲ್ಲಿತ್ತು ಎಂದು ಅವಳಿಗೆ ಹೇಳುವವರಿರಲಿಲ್ಲ. ಬದಲಿಗೆ ಪಿಂಚಣಿಗೆ ಅರ್ಜಿ ಹಾಕು ಎಂದು ಬುದ್ಧಿ ಹೇಳಿದರು. ಸರ್ಕಾರ ಅದಕ್ಕಿಟ್ಟ ಹೆಸರು ನಿರ್ಗತಿಕ ವಿಧವಾ ವೇತನ. 2021ರಲ್ಲಿ ಅದನ್ನು ತಿಂಗಳಿಗೆ 800 ರೂಪಾಯಿಗೆ ಏರಿಸಿದರು. ಆಸ್ತಿಯ ಪಾಲುದಾರಳನ್ನು ಮೊದಲು ನಿರ್ಗತಿಕಳಾಗಿ ಮಾಡಿ, ಆಮೇಲೆ ಹಾಗೆಂದು ಅವಳಿಂದಲೇ ಬರೆಸಿಕೊಳ್ಳುವುದು ಎಂಥ ಏರ್ಪಾಡು!

ಚಿತ್ರ ನೋಡಿದ ವಾರಕ್ಕೆ ಅವಳು ಸಂಘಕ್ಕೆ ಬಂದು, ವಂಶವೃಕ್ಷದ ನಕಲು ತೆಗೆಸಿಕೊಡಿ ಎಂದಳು. ತೆಗೆಸಿದೆವು. ಗಂಡನ ಹೆಸರಿನ ಮುಂದೆ ‘ಮೃತ’ ಎಂದಿತ್ತು, ಕೆಳಗೆ ಇಬ್ಬರು ಮಕ್ಕಳ ಹೆಸರಿತ್ತು. ಮಕ್ಕಳನ್ನು ಹೆತ್ತವಳ ಜಾಗ ಖಾಲಿ. ತಕರಾರು ಅರ್ಜಿ ಕೊಟ್ಟಾಗಿದೆ. ವಿಚಾರಣೆಯ ದಿನ ಮಾವನ ಕಡೆಯಿಂದ ಜೀಪು ತುಂಬ ಜನ ಬರುತ್ತಾರಂತೆ. ಸಂಘದಿಂದ ನಾವೂ ಹನ್ನೆರಡು ಜನ ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತಿದ್ದೇವೆ. ‘ನಮ್ಮೋರಲ್ಲಿ ಇಂಥಾದ್ದಿಲ್ಲ’ ಅಂದಿದ್ದ ಆ ಹಿರಿಯರೂ ಬರುತ್ತೇನೆಂದಿದ್ದಾರೆ.